ತಟ್ಟೆ ಮುಂದಿದೆ, ಕೈ ಯಾಕೆ ಹೋಗುತ್ತಿಲ್ಲ?

(ನಮ್ಮ ಊರಿನ ಗ್ರಂಥಾಲಯದಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇವತ್ತಿನ ಮಾತು ಊಟದ ಬಗ್ಗೆ. ಹಾಗಾಗಿ ನಮ್ಮ ಮನೆಯ ಊಟದಿಂದಲೇ ಶುರು ಮಾಡುತ್ತೇನೆ.

ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಅಜ್ಜ ಊಟ ಮಾಡುವುದನ್ನು ಬಿಟ್ಟರು. ಜ್ವರ ಇರಲಿಲ್ಲ, ಹೊಟ್ಟೆನೋವು ಇರಲಿಲ್ಲ. ಅಜ್ಜಿ ಬಿಸಿ ಮುದ್ದೆ ಇಟ್ಟು, ಬಸ್ಸಾರು ಬಿಟ್ಟು ತಟ್ಟೆಯನ್ನು ಮುಂದಿಡುತ್ತಿದ್ದರು. ಅಜ್ಜ ಅದನ್ನು ನೋಡುತ್ತಾ ಕೂತಿರುತ್ತಿದ್ದರು. ಕೈ ತೊಡೆಯ ಮೇಲೇ ಇರುತ್ತಿತ್ತು. ಮುದ್ದೆ ಆರಿ, ಮೇಲೆ ಹೊಪ್ಪಳೆ ಕಟ್ಟುವವರೆಗೂ ಹಾಗೇ. ಕೊನೆಗೆ ಅಜ್ಜಿಯೇ ಒಂದು ತುತ್ತು ಮುರಿದು, ಸಾರಿನಲ್ಲಿ ಅದ್ದಿ ಬಾಯಿಗೆ ಇಡುತ್ತಿದ್ದರು. ಅಜ್ಜ ನುಂಗಿ, "ಚೆನ್ನಾಗೈತೆ ಕಣೆ" ಅನ್ನುತ್ತಿದ್ದರು. ಅದು ಅಜ್ಜಿಯ ಸಮಾಧಾನಕ್ಕೆ ಆಡಿದ ಮಾತಲ್ಲ. ತುಟಿಗೆ ಅಂಟಿದ ಸಾರನ್ನು ನಾಲಿಗೆಯಿಂದ ಸವರಿಕೊಳ್ಳುತ್ತಿದ್ದುದನ್ನು ನಾನೇ ನೋಡಿದ್ದೇನೆ. ಆದರೂ ಎರಡನೇ ತುತ್ತಿಗೆ ಕೈ ಏಳುತ್ತಿರಲಿಲ್ಲ.

ಅದೇ ಮನೆಯಲ್ಲಿ ಅತ್ತೆ ಇದ್ದರು, ನಮ್ಮಪ್ಪನ ತಂಗಿ. ಅವರದು ದಪ್ಪ ಮೈ. ಅವರ ಕಷ್ಟ ಅಜ್ಜನ ಕಷ್ಟಕ್ಕೆ ಪೂರ್ತಿ ಉಲ್ಟಾ. ಊಟ ಮುಗಿದು, ಪಾತ್ರೆ ತೊಳೆದು, ಅಡುಗೆಮನೆ ದೀಪ ಆರಿಸಿದ ಮೇಲೂ ಶೆಲ್ಫಿನ ಮೇಲಿನ ಕೋಡುಬಳೆ ಡಬ್ಬಿ ಅವರನ್ನು ಬಿಡುತ್ತಿರಲಿಲ್ಲ. "ಹೊಟ್ಟೆ ತುಂಬಿದೆ ಕಣೋ, ಆದ್ರೂ ಆ ಡಬ್ಬಿ ಕರೀತಾನೇ ಇರುತ್ತೆ" ಅಂತ ಒಂದು ರಾತ್ರಿ ನನ್ನ ಹತ್ತಿರ ಹೇಳಿದ್ದರು. ಹೇಳುವಾಗ ಗಂಟಲು ತುಂಬಿ ಬಂದಿತ್ತು.

ಇಬ್ಬರಿಗೂ ಮನೆಯವರು, ನೆಂಟರು ಹೇಳುತ್ತಿದ್ದದ್ದು ಒಂದೇ ಮಾತು. ಅಜ್ಜನಿಗೆ "ಮನಸ್ಸು ಮಾಡಿ, ಎರಡು ತುತ್ತು ಉಣ್ಣಿ." ಅತ್ತೆಗೆ "ಮನಸ್ಸು ಮಾಡಿದ್ರೆ ಬಾಯಿ ಕಟ್ಟೋದೇನು ದೊಡ್ಡ ವಿಷಯ?" ಮುಂದೆ ನಾನು ಶರೀರಶಾಸ್ತ್ರ ಓದಿದೆ, ಈಗ ಅದನ್ನೇ ಪಾಠ ಮಾಡುತ್ತೇನೆ. ಈ 'ಮನಸ್ಸು ಮಾಡುವುದು' ತಲೆಯೊಳಗೆ ಎಲ್ಲಿ, ಹೇಗೆ ನಡೆಯುತ್ತದೆ ಅನ್ನುವ ಪ್ರಶ್ನೆ ಮಾತ್ರ ಅವತ್ತಿಂದ ನನ್ನ ಜೊತೆಗೇ ಇದೆ.

ಮಿದುಳಿನ ತಳದಲ್ಲಿ, ಹೆಚ್ಚುಕಮ್ಮಿ ಒಂದು ಬಾದಾಮಿಯಷ್ಟು ದೊಡ್ಡದಾದ ಭಾಗವೊಂದಿದೆ. ಹೆಸರು ಹೈಪೊಥಲಾಮಸ್. ಮೈಯ ಬಿಸಿ, ಬಾಯಾರಿಕೆ, ನಿದ್ದೆ, ಹಸಿವು ಎಲ್ಲದರ ಲೆಕ್ಕ ಇಲ್ಲಿ ನಡೆಯುತ್ತದೆ. 1940ರಲ್ಲಿ ಹೆದರಿಂಗ್‌ಟನ್ ಮತ್ತು ರ‍್ಯಾನ್ಸನ್ ಎಂಬ ಅಮೆರಿಕದ ವಿಜ್ಞಾನಿಗಳು ಇಲಿಗಳಲ್ಲಿ ಇದರ ನಡುಭಾಗಕ್ಕೆ ಏಟು ಬಿದ್ದರೆ ಅವು ವಿಪರೀತ ಕೊಬ್ಬುತ್ತವೆ ಅಂತ ತೋರಿಸಿದರು. ಹನ್ನೊಂದು ವರ್ಷದ ನಂತರ ಬಂದ ಕೆಲಸ ನನಗೆ ಇನ್ನೂ ಹತ್ತಿರದ್ದು. ಅದನ್ನು ಮಾಡಿದ್ದು ನಮ್ಮ ದೇಶದವರು, ಬಾಲಕೃಷ್ಣ ಆನಂದ್. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಜಾನ್ ಬ್ರೋಬೆಕ್ ಜೊತೆ ಸೇರಿ ಅವರು ಹೈಪೊಥಲಾಮಸ್‌ನ ಎರಡು ಪಕ್ಕಗಳಲ್ಲೂ ಒಂದು ಸಣ್ಣ ಜಾಗವನ್ನು ಹಾಳುಮಾಡಿ ನೋಡಿದರು. ಇಲಿಗಳು ತಿನ್ನುವುದನ್ನೇ ನಿಲ್ಲಿಸಿದವು. ಕಾಳು ಮೂಗಿನ ಮುಂದಿದ್ದರೂ ಮುಟ್ಟದೆ ಉಪವಾಸ ಸತ್ತವು. ಅದನ್ನು 'ಉಣ್ಣುವ ಕೇಂದ್ರ' ಅಂತ ಕರೆದು 1951ರಲ್ಲಿ ಪ್ರಕಟಿಸಿದರು.

ಆನಂದ್ ಆಮೇಲೆ ದೆಹಲಿಗೆ ವಾಪಸ್ ಬಂದು ಏಮ್ಸ್‌ನ ಶರೀರಶಾಸ್ತ್ರ ವಿಭಾಗವನ್ನು ಕಟ್ಟಿದರು. ರಕ್ತದಲ್ಲಿ ಗ್ಲೂಕೋಸ್ ಏರಿದಾಗ ಈ ಕೇಂದ್ರದ ಕೋಶಗಳ ಸದ್ದು, ಅಂದರೆ ಅವುಗಳ ವಿದ್ಯುತ್ ಚಟುವಟಿಕೆ, ತಗ್ಗುತ್ತದೆ ಅಂತ 1962ರಲ್ಲಿ ಅಲ್ಲಿಂದಲೇ ತೋರಿಸಿದರು. ಯೋಗಿಗಳು ಧ್ಯಾನದಲ್ಲಿ ಕೂತಾಗ ಅವರ ಮಿದುಳಿನ ವಿದ್ಯುತ್ ಅಲೆಗಳನ್ನು ಅಳೆದದ್ದೂ ಇದೇ ತಂಡ. ನಮ್ಮ ಶಾಲೆ ಪುಸ್ತಕಗಳಲ್ಲಿ ಇವರ ಹೆಸರು ನನಗೆ ಎಲ್ಲೂ ಸಿಗಲಿಲ್ಲ. ಸಿಗಬೇಕಿತ್ತು.

ತಟ್ಟೆ ಮುಂದಿದ್ದೂ ಮುಟ್ಟದ ಆ ಇಲಿಗಳ ಬಗ್ಗೆ ಮೊದಲ ಸಲ ಓದಿದಾಗ ನನಗೆ ಅಜ್ಜನ ತೊಡೆಯ ಮೇಲಿದ್ದ ಕೈ ಕಣ್ಣ ಮುಂದೆ ಬಂತು. ಅಜ್ಜನ ಹಸಿವಿನ ಕೇಂದ್ರ ಕೆಟ್ಟಿತ್ತು ಅಂತ ಅಂದುಕೊಂಡೆ. ಆದರೆ ಕತೆ ಅಷ್ಟಕ್ಕೇ ಮುಗಿಯುವುದಿಲ್ಲ. ಆನಂದ್ ಗುರುತಿಸಿದ ಜಾಗದ ಮೂಲಕ ಬೇರೊಂದು ನರಗಳ ಕಟ್ಟು ಹಾದು ಹೋಗುತ್ತದೆ. ಒಂದು ಊರಿನ ಮಧ್ಯೆ ಹೆದ್ದಾರಿ ಹಾದುಹೋದ ಹಾಗೆ. ಊರಿಗೆ ಬಿದ್ದ ಏಟು ಹೆದ್ದಾರಿಗೂ ಬಿದ್ದಿತ್ತು. 1971ರಲ್ಲಿ ಸ್ವೀಡನ್ನಿನ ಉರ್ಬನ್ ಉಂಗರ್‌ಸ್ಟೆಟ್ ಆ ಕಟ್ಟಿನ ನರಗಳನ್ನು ಮಾತ್ರ ಹಾಳುಮಾಡಿ ನೋಡಿದರು. ಆಗಲೂ ಇಲಿಗಳು ಉಣ್ಣುವುದನ್ನು, ನೀರು ಕುಡಿಯುವುದನ್ನು ಬಿಟ್ಟವು. ಆ ನರಗಳು ಹೊತ್ತು ಸಾಗುವ ರಾಸಾಯನಿಕವೇ ಡೋಪಮೈನ್.

ಡೋಪಮೈನ್ ಅಂದ ಕೂಡಲೇ ಈಗ ಎಲ್ಲರೂ "ಖುಷಿ ಕೊಡೋ ಕೆಮಿಕಲ್" ಅನ್ನುತ್ತಾರೆ. ಮೊಬೈಲ್ ವಿಡಿಯೋಗಳಲ್ಲಿ ದಿನಾ ಕೇಳುತ್ತೀರಿ, ಅಲ್ವಾ? ಇವತ್ತು ನೀವು ಮನೆಗೆ ಒಂದೇ ಒಂದು ವಿಷಯ ಒಯ್ಯುವುದಾದರೆ, ಆ ಮಾತು ತಪ್ಪು ಅನ್ನುವುದನ್ನು ಒಯ್ಯಿರಿ.

ತಪ್ಪು ಅಂತ ಗೊತ್ತಾದದ್ದು ಮುಖ ನೋಡಿ. ಹುಟ್ಟಿದ ಕೂಸಿನ ನಾಲಿಗೆಗೆ ಸಕ್ಕರೆ ನೀರು ತಾಗಿಸಿದರೆ ಅದು ತುಟಿ ಚಪ್ಪರಿಸುತ್ತದೆ. ಕಹಿ ತಾಗಿದರೆ ಬಾಯಿ ಅಗಲಿಸಿ ಮುಖ ಕಿವುಚುತ್ತದೆ. ಇಲಿಯೂ ಅಷ್ಟೇ. ಸಿಹಿಗೆ ನಾಲಿಗೆ ಚಾಚಿ ನೆಕ್ಕಿಕೊಳ್ಳುತ್ತದೆ, ಕಹಿಗೆ ತಲೆ ಕೊಡವುತ್ತದೆ. ಮಿಚಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರಿಜ್ ಇದನ್ನೇ ಅಳತೆಗೋಲು ಮಾಡಿಕೊಂಡರು. ಡೋಪಮೈನ್ ನರಗಳು ಹೆಚ್ಚುಕಮ್ಮಿ ಪೂರ್ತಿ ನಾಶವಾದ ಇಲಿಗಳ ಬಾಯಿಗೆ ನಳಿಕೆಯಿಂದ ಸಕ್ಕರೆ ನೀರು ಬಿಟ್ಟರು. ಖುಷಿ ಕೊಡುವ ರಾಸಾಯನಿಕವೇ ಹೋಗಿದೆ ಅಂದಮೇಲೆ ಇಲಿಗೆ ಸಿಹಿ ಸಪ್ಪೆಯಾಗಬೇಕಿತ್ತು. ಆಗಲಿಲ್ಲ. ತಾನಾಗಿ ಹೋಗಿ ಒಂದು ಕಾಳನ್ನೂ ಎತ್ತಿಕೊಳ್ಳದ ಆ ಇಲಿಗಳು ಬಾಯಿಗೆ ಬಿದ್ದ ಸಿಹಿಯನ್ನು ಎಲ್ಲ ಇಲಿಗಳ ಹಾಗೆಯೇ ಚಪ್ಪರಿಸಿದವು. 1989ರ ಕೆಲಸ ಇದು.

ಎರಡು ವರ್ಷದ ನಂತರ ಅದರ ಇನ್ನೊಂದು ಮಗ್ಗುಲನ್ನೂ ನೋಡಿದರು. ಹೈಪೊಥಲಾಮಸ್‌ನ ಪಕ್ಕದ ಭಾಗಕ್ಕೆ ಸಣ್ಣ ವಿದ್ಯುತ್ ಕೊಟ್ಟರೆ ಇಲಿ ಗಬಗಬ ತಿನ್ನುತ್ತದೆ. ಆಗ ಅದರ ಮುಖದಲ್ಲಿ ಹಿಗ್ಗು ಜಾಸ್ತಿಯಾಯಿತಾ? ಇಲ್ಲ. ತಿನ್ನುವುದು ಹೆಚ್ಚಿತು, ರುಚಿ ಹೆಚ್ಚಲಿಲ್ಲ.

ಅಂದರೆ 'ಬೇಕು' ಬೇರೆ, 'ಹಿತ' ಬೇರೆ. ನಾವು ಎರಡನ್ನೂ ಸೇರಿಸಿ 'ಆಸೆ' ಅಂದುಬಿಡುತ್ತೇವೆ. ಮಿದುಳಿನಲ್ಲಿ ಅವು ಬೇರೆ ಬೇರೆ ದಾರಿಗಳು. ಡೋಪಮೈನ್ ನಿಂತಿರುವುದು 'ಬೇಕು' ಕಡೆ. ಎದ್ದು ಹೋಗುವುದು, ಕೈ ಚಾಚುವುದು, ಕಷ್ಟವಾದರೂ ಬಿಡದೆ ಮಾಡುವುದು, ಇವೆಲ್ಲ ಅದರ ಪಾಲು. ಅಜ್ಜನಿಗೆ ರುಚಿ ಇತ್ತು. ತುಟಿ ಸವರಿಕೊಳ್ಳುತ್ತಿದ್ದರಲ್ಲ! 'ಬೇಕು' ಆರಿಹೋಗಿತ್ತು, ಅಷ್ಟೇ.

ಅಜ್ಜನ ಕಾಯಿಲೆ ಗೊತ್ತಾಗಲು ಒಂದೂವರೆ ವರ್ಷ ಹಿಡಿಯಿತು. ಕೈ ನಡುಗುತ್ತಿರಲಿಲ್ಲವಲ್ಲ, ಯಾರಿಗೂ ಅನುಮಾನ ಬರಲಿಲ್ಲ. ನಡಿಗೆ ನಿಧಾನವಾಗಿತ್ತು, ಸಹಿ ಸಣ್ಣದಾಗುತ್ತಾ ಬಂದಿತ್ತು. "ವಯಸ್ಸಾಯ್ತು" ಅಂದುಕೊಂಡೆವು. ಕೊನೆಗೆ ಒಬ್ಬ ಡಾಕ್ಟರು ಅವರನ್ನು ಹತ್ತು ಹೆಜ್ಜೆ ನಡೆಸಿ ನೋಡಿ ಪಾರ್ಕಿನ್ಸನ್ ಅಂದರು. ಡೋಪಮೈನ್ ತಯಾರಿಸುವ ಕೋಶಗಳು ಒಂದೊಂದಾಗಿ ಸಾಯುವ ಕಾಯಿಲೆ. ಕೊಟ್ಟ ಮಾತ್ರೆ ಎಲ್-ಡೋಪಾ. ಮಿದುಳು ಅದನ್ನು ಡೋಪಮೈನ್ ಮಾಡಿಕೊಳ್ಳುತ್ತದೆ.

ಈ ಮಾತ್ರೆಯ ಹಿಂದಿನ ಕತೆಯಲ್ಲಿ ನಮ್ಮ ನೆಲದ ಎರಡು ಗಿಡಗಳಿವೆ. ಹೊಲದ ಬೇಲಿಯಲ್ಲಿ ನಸುಗುನ್ನಿ ತಾಗಿ ಮೈಯೆಲ್ಲ ತುರಿಸಿಕೊಂಡವರು ಇಲ್ಲಿ ಬೇಕಾದಷ್ಟು ಜನ ಇದ್ದೀರಿ. ಅದರ ಬೀಜದಲ್ಲಿ ಎಲ್-ಡೋಪಾ ಇದೆ. ಭಾರತದ ವಿಜ್ಞಾನಿಗಳು 1937ರಲ್ಲೇ ಅದನ್ನು ಬೇರ್ಪಡಿಸಿ ತೋರಿಸಿದ್ದರು. ಇನ್ನೊಂದು ಸರ್ಪಗಂಧ. ಅದರಿಂದ ತೆಗೆದ ರೆಸರ್ಪಿನ್ ಎಂಬ ಮದ್ದನ್ನು 1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಮೊಲಗಳಿಗೆ ಕೊಟ್ಟರು. ಮೊಲಗಳು ಕಿವಿ ಇಳಿಬಿಟ್ಟು, ಅಲ್ಲಾಡದೆ ಕೂತವು. ಮಿದುಳಿನ ಡೋಪಮೈನ್ ಬರಿದಾಗಿತ್ತು. ಎಲ್-ಡೋಪಾ ಚುಚ್ಚಿದ ಸ್ವಲ್ಪ ಹೊತ್ತಿಗೇ ಕಿವಿ ನಿಮಿರಿಸಿ ಓಡಾಡಿದವು. 2000ರಲ್ಲಿ ಕಾರ್ಲ್‌ಸನ್ ಅವರಿಗೆ ನೊಬೆಲ್ ಬಂತು. (ನಸುಗುನ್ನಿ ಬೀಜವನ್ನು ನೀವೇ ಪುಡಿ ಮಾಡಿ ಮನೆಯವರಿಗೆ ಕೊಡಬೇಡಿ. ಎಷ್ಟು ಹೋಗುತ್ತದೆ ಅಂತ ಲೆಕ್ಕ ಸಿಗುವುದಿಲ್ಲ, ಬೇರೆ ಮಾತ್ರೆಗಳ ಜೊತೆ ಸೇರಿದರೆ ಅಪಾಯ.)

ಅಮೆರಿಕದ ಸಿಯಾಟಲ್‌ನಲ್ಲಿ ರಿಚರ್ಡ್ ಪಾಮಿಟರ್ 1995ರಲ್ಲಿ ಡೋಪಮೈನ್ ತಯಾರಿಸಲು ಬಾರದ ಸುಂಡಿಲಿಗಳನ್ನು ಬೆಳೆಸಿದರು. ಅವು ಹುಟ್ಟುವಾಗ ಚೆನ್ನಾಗೇ ಇರುತ್ತವೆ. ಕೆಲವು ವಾರಗಳಲ್ಲಿ ಚಲನೆ ಕಡಿಮೆಯಾಗಿ, ಉಣ್ಣದೆ ಸಾಯುತ್ತವೆ. ದಿನಾ ಎಲ್-ಡೋಪಾ ಕೊಟ್ಟರೆ ಎದ್ದು ಹೋಗಿ ತಿಂದು ಬದುಕುತ್ತವೆ. ಔಷಧದ ಶಕ್ತಿ ಇಳಿದ ಮೇಲೆ ಮತ್ತೆ ಕಾಳಿನ ಪಕ್ಕದಲ್ಲೇ ಸುಮ್ನೆ ಕೂರುತ್ತವೆ. ಆ ಸುಂಡಿಲಿಗೆ "ಮನಸ್ಸು ಮಾಡು" ಅಂತ ಯಾರಾದರೂ ಹೇಳುತ್ತಾರಾ?

ಡೋಪಮೈನ್ ಬಗ್ಗೆ ಇನ್ನೊಂದು ಪ್ರಯೋಗ ಹೇಳಲೇಬೇಕು, ಯಾಕೆಂದರೆ ಅಲ್ಲಿಂದ ಅತ್ತೆಯ ಡಬ್ಬಿಗೆ ದಾರಿ ಇದೆ. ವುಲ್ಫ್‌ರಾಮ್ ಶುಲ್ಟ್ಸ್ ಕೋತಿಗಳ ಡೋಪಮೈನ್ ಕೋಶಗಳ ಸದ್ದನ್ನು ಒಂದೊಂದಾಗಿ ಆಲಿಸಿದರು. ಕೋತಿಗೆ ಒಂದು ಹನಿ ಹಣ್ಣಿನ ರಸ ಬಿದ್ದಾಗ ಕೋಶ ಪಟಪಟ ಅನ್ನುತ್ತಿತ್ತು. ಆಮೇಲೆ ರಸಕ್ಕೆ ಮುಂಚೆ ಪ್ರತಿ ಸಲ ಒಂದು ದೀಪ ಹಚ್ಚಿದರು. ಕೆಲವು ಸಲ ಆದ ಮೇಲೆ ಕೋಶ ರಸಕ್ಕೆ ಪಟಪಟ ಅನ್ನುವುದನ್ನು ಬಿಟ್ಟಿತು, ದೀಪಕ್ಕೆ ಅನ್ನತೊಡಗಿತು. ದೀಪ ಹತ್ತಿ ರಸ ಬರದೇ ಹೋದರೆ, ಸರಿಯಾಗಿ ರಸ ಬರಬೇಕಿದ್ದ ಕ್ಷಣದಲ್ಲಿ ಕೋಶ ಮೌನವಾಗುತ್ತಿತ್ತು. ಡೋಪಮೈನ್ ಕೋಶ ಕಾಯುವುದು ಸಿಹಿಯನ್ನಲ್ಲ, ಸಿಹಿ ಬರುವ ಸುಳಿವನ್ನು. ಸಂಜೆ ಬೀದಿ ಕೊನೆಯ ಬೋಂಡಾ ಗಾಡಿಯ ಎಣ್ಣೆ ವಾಸನೆ, ಚಹಾ ಕುದಿಯುವ ಸದ್ದು, ಕೋಡುಬಳೆ ಡಬ್ಬಿಯ ಮುಚ್ಚಳ: ಇವೆಲ್ಲ ನಮ್ಮ ದೀಪಗಳು. "ಡಬ್ಬಿ ಕರೀತಾನೇ ಇರುತ್ತೆ" ಅಂತ ಅತ್ತೆ ಹೇಳಿದ್ದು ಅಕ್ಷರಶಃ ನಿಜ.

ಈಗ ಅತ್ತೆಯ ಕಡೆಗೇ ಬರೋಣ. ಹಸಿವಿಗೆ ಡೋಪಮೈನ್ ಒಂದೇ ಸಾಲದು. ಮೈಯಲ್ಲಿ ಎಷ್ಟು ಕೊಬ್ಬು ಇದೆ ಅಂತ ಮಿದುಳಿಗೆ ಯಾರಾದರೂ ತಿಳಿಸಬೇಕಲ್ಲ? 1950ರ ಹೊತ್ತಿಗೇ ಅಮೆರಿಕದ ಮೇಯ್ನ್ ರಾಜ್ಯದ ಜಾಕ್ಸನ್ ಪ್ರಯೋಗಾಲಯದಲ್ಲಿ ಹುಟ್ಟಿನಿಂದಲೇ ತಿನ್ನುತ್ತಲೇ ಇರುವ, ಉಂಡೆಯಾಗುವ ಸುಂಡಿಲಿ ತಳಿಯೊಂದು ಸಿಕ್ಕಿತ್ತು. ಡಗ್ಲಸ್ ಕೋಲ್‌ಮನ್ ಆ ದಪ್ಪ ಸುಂಡಿಲಿಯನ್ನೂ ಒಂದು ಮಾಮೂಲಿ ಸುಂಡಿಲಿಯನ್ನೂ ರಕ್ತ ಹಂಚಿಕೊಳ್ಳುವ ಹಾಗೆ ಜೋಡಿಸಿದರು. ದಪ್ಪ ಸುಂಡಿಲಿ ಕಡಿಮೆ ತಿನ್ನತೊಡಗಿತು. ಮಾಮೂಲಿ ಸುಂಡಿಲಿಯ ರಕ್ತದಲ್ಲಿ ಇರುವ ಏನೋ ಒಂದು ಇದರಲ್ಲಿ ಇರಲಿಲ್ಲ. ಅದು ಏನು ಅಂತ ಹುಡುಕಲು ಇಪ್ಪತ್ತು ವರ್ಷಕ್ಕೂ ಜಾಸ್ತಿ ಬೇಕಾಯಿತು. 1994ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ಆ ಜೀನ್ ಹಿಡಿದರು. ಕೊಬ್ಬಿನ ಕೋಶಗಳೇ ಸುರಿಸುವ ಹಾರ್ಮೋನು ಅದು. ತೆಳ್ಳಗೆ ಅನ್ನುವ ಅರ್ಥದ ಗ್ರೀಕ್ ಪದದಿಂದ ಲೆಪ್ಟಿನ್ ಅಂತ ಹೆಸರಿಟ್ಟರು.

ಮೂರು ವರ್ಷದ ನಂತರ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಪಾಕಿಸ್ತಾನ ಮೂಲದ ಒಂದು ಕುಟುಂಬದ ಇಬ್ಬರು ಮಕ್ಕಳನ್ನು ಡಾಕ್ಟರುಗಳು ಪರೀಕ್ಷಿಸಿದರು. ಎಂಟು ವರ್ಷದ ಹುಡುಗಿಯ ತೂಕ 86 ಕೆ.ಜಿ. ಎರಡು ವರ್ಷದ ಗಂಡುಮಗುವಿನ ತೂಕ 29 ಕೆ.ಜಿ. ಎರಡು ವರ್ಷದ ಮಗುವನ್ನು ಎತ್ತಿಕೊಂಡ ನೆನಪಿದ್ದವರು ಆ ತೂಕವನ್ನು ಒಮ್ಮೆ ತೋಳಿನಲ್ಲಿ ಅಂದಾಜು ಮಾಡಿ. ಹುಟ್ಟಿದಾಗ ಇಬ್ಬರ ತೂಕವೂ ಸರಿಯಾಗೇ ಇತ್ತು. ಸದಾ ಹಸಿವು, ಎಷ್ಟು ಕೊಟ್ಟರೂ ಸಾಲದು. ಇಂಥ ಮಕ್ಕಳನ್ನು ಕಂಡರೆ ಬೀದಿಯ ಜನ ಏನನ್ನುತ್ತಾರೆ? "ಅಪ್ಪ ಅಮ್ಮ ಮುದ್ದು ಮಾಡಿ ಕೆಡಿಸಿದ್ದಾರೆ." ರಕ್ತ ನೋಡಿದರೆ ಲೆಪ್ಟಿನ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಸದಫ್ ಫಾರೂಕಿ ಮತ್ತು ಸ್ಟೀಫನ್ ಒ'ರಾಹಿಲಿ ಅವರ ತಂಡ ಹುಡುಗಿಗೆ ದಿನಾ ಲೆಪ್ಟಿನ್ ಚುಚ್ಚುಮದ್ದು ಕೊಡಲು ಶುರು ಮಾಡಿತು. ಹಸಿವು ಇಳಿಯಿತು, ಮೈಯೂ ಇಳಿಯುತ್ತಾ ಬಂತು. ಯಾರೂ ಬುದ್ಧಿ ಹೇಳಲಿಲ್ಲ, ಯಾರೂ ಬಾಯಿ ಕಟ್ಟಿಸಲಿಲ್ಲ.

ನನಗೆ ಇದಕ್ಕಿಂತ ಮುಖ್ಯ ಅನ್ನಿಸಿದ್ದು 2007ರಲ್ಲಿ ಅದೇ ತಂಡ ಮಾಡಿದ ಕೆಲಸ. ಲೆಪ್ಟಿನ್ ಇಲ್ಲದೆ ಹುಟ್ಟಿದ ಇಬ್ಬರು ಹದಿಹರೆಯದವರನ್ನು ಸ್ಕ್ಯಾನರ್‌ನಲ್ಲಿ ಮಲಗಿಸಿ ತಿಂಡಿಗಳ ಚಿತ್ರ ತೋರಿಸಿದರು. ಔಷಧಕ್ಕೆ ಮುಂಚೆ, ಆಗಷ್ಟೇ ಹೊಟ್ಟೆ ತುಂಬಾ ಉಂಡಿದ್ದರೂ ಅವರಿಗೆ ಚಿತ್ರದಲ್ಲಿದ್ದದ್ದೆಲ್ಲ ಇಷ್ಟವಾಗುತ್ತಿತ್ತು. ಡೋಪಮೈನ್ ನರಗಳು ಬಂದು ಸೇರುವ ಭಾಗ ಅದಕ್ಕೆ ತಕ್ಕಂತೆ ಚುರುಕಾಗುತ್ತಿತ್ತು. ಒಂದು ವಾರ ಲೆಪ್ಟಿನ್ ಕೊಟ್ಟ ಮೇಲೆ, ಹಸಿದಾಗ ಮಾತ್ರ ಹಾಗಾಯಿತು. ಉಂಡ ಮೇಲೆ ಆ ಸೆಳೆತ ತಗ್ಗಿತು. ಹೊಟ್ಟೆಯ ಲೆಕ್ಕ ಇಡುವ ಹಾರ್ಮೋನು 'ಬೇಕು' ಅನ್ನುವ ದಾರಿಯ ಗೇಟನ್ನು ತೆಗೆಯುತ್ತದೆ, ಹಾಕುತ್ತದೆ. ಹಸಿವು ಮತ್ತು ಬಾಯಿಚಪಲ ಅಂತ ನಾವು ಗೆರೆ ಎಳೆದು, ಒಂದಕ್ಕೆ ಅನ್ನ ಹಾಕಿ ಇನ್ನೊಂದಕ್ಕೆ ಬೈಯುತ್ತೇವಲ್ಲ, ಮಿದುಳಿನಲ್ಲಿ ಆ ಗೆರೆ ಇಲ್ಲ.

ಅತ್ತೆಗೆ ಇದ್ದದ್ದು ಈ ಅಪರೂಪದ ಕಾಯಿಲೆ ಅಲ್ಲ. ದಪ್ಪ ಇರುವ ಬಹುತೇಕರಲ್ಲಿ ಲೆಪ್ಟಿನ್ ಜಾಸ್ತಿಯೇ ಇರುತ್ತದೆ. ಮಿದುಳಿಗೆ ಅದು ಸರಿಯಾಗಿ ಕೇಳಿಸುವುದಿಲ್ಲ. ಆದರೆ ಅವರು ಉಪವಾಸ ಹಿಡಿದು ನಾಲ್ಕು ಕೆ.ಜಿ. ಇಳಿಸಿದಾಗಲೆಲ್ಲ ಲೆಪ್ಟಿನ್ ಮಟ್ಟ ಬೀಳುತ್ತದೆ. ಮಿದುಳು ಅದನ್ನು ಬರಗಾಲ ಅಂತಲೇ ಓದುತ್ತದೆ. ಬರಗಾಲದ ಮಿದುಳು ಹೇಗಿರುತ್ತದೆ ಅನ್ನುವುದಕ್ಕೆ ಒಂದು ದಾಖಲೆ ಇದೆ. ಎರಡನೇ ಮಹಾಯುದ್ಧದ ಕೊನೆಯಲ್ಲಿ ಮಿನೆಸೋಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್, ಯುದ್ಧಕ್ಕೆ ಹೋಗಲು ಒಪ್ಪದ 36 ಆರೋಗ್ಯವಂತ ಯುವಕರನ್ನು, ಅವರ ಒಪ್ಪಿಗೆ ಪಡೆದು, ಆರು ತಿಂಗಳು ಅರೆಹೊಟ್ಟೆಯಲ್ಲಿ ಇಟ್ಟರು. ತೂಕದ ಸುಮಾರು ಕಾಲು ಭಾಗ ಹೋಯಿತು. ಮೊದಲು ಅಡುಗೆಮನೆ ಕಡೆ ತಲೆ ಹಾಕದಿದ್ದವರು ಅಡುಗೆ ಪುಸ್ತಕಗಳನ್ನು ಕೂಡಿಡತೊಡಗಿದರು. ಕನಸಿನಲ್ಲೂ ಊಟ. ತಟ್ಟೆಯನ್ನು ನೆಕ್ಕಿದರು. ಯುದ್ಧವನ್ನೇ ಬೇಡ ಅಂದ ಗಟ್ಟಿ ಮನಸ್ಸಿನವರು ಅವರು.

ಹಸಿವಿನ ಕೋಶಗಳನ್ನು ಈಗ ಇನ್ನೂ ಹತ್ತಿರದಿಂದ ನೋಡಬಹುದು. ಹೈಪೊಥಲಾಮಸ್‌ನಲ್ಲಿ ಎಜಿಆರ್‌ಪಿ ಅಂತ ಕರೆಯುವ ಕೆಲವು ಸಾವಿರ ಕೋಶಗಳಿವೆ. 2011ರಲ್ಲಿ ಸ್ಕಾಟ್ ಸ್ಟರ್ನ್‌ಸನ್ ತಂಡ ಬೆಳಕಿನಿಂದ ಅವನ್ನು ಎಬ್ಬಿಸಿದಾಗ ಹೊಟ್ಟೆ ತುಂಬಿದ್ದ ಸುಂಡಿಲಿ ಕೆಲವೇ ನಿಮಿಷಗಳಲ್ಲಿ ತಿನ್ನಲು ಶುರು ಮಾಡಿತು. ಉಂಡ ಮೇಲೆ ಈ ಕೋಶಗಳು ನಿಧಾನವಾಗಿ ತಣ್ಣಗಾಗುತ್ತವೆ ಅಂತ ಎಲ್ಲರೂ ಅಂದುಕೊಂಡಿದ್ದರು. 2015ರಲ್ಲಿ ಕ್ಯಾಲಿಫೋರ್ನಿಯಾದ ಝಾಕರಿ ನೈಟ್ ತಂಡ ಓಡಾಡುತ್ತಿರುವ ಸುಂಡಿಲಿಯಲ್ಲೇ ಅಳೆದು ನೋಡಿತು. ಕಾಳು ಕಂಡ ಕೂಡಲೇ, ಒಂದು ತುತ್ತು ಬಾಯಿಗೆ ಹೋಗುವ ಮೊದಲೇ, ಕೋಶಗಳು ತಣ್ಣಗಾದವು! ಮಿದುಳು ಊಟವನ್ನು ಮುಂಗಡವಾಗಿಯೇ ಲೆಕ್ಕಕ್ಕೆ ಹಾಕಿಕೊಳ್ಳುತ್ತದೆ. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಮದುವೆ ಊಟದ ಉದಾಹರಣೆ ನಿಮಗೆಲ್ಲ ಗೊತ್ತೇ ಇದೆ. ಅನ್ನ ಸಾರು ಸಾಕು ಅಂತ ಎಲೆಗೆ ಕೈ ಅಡ್ಡ ಹಿಡಿದವರು ಹೋಳಿಗೆ ಬಂದಾಗ ಕೈ ತೆಗೆಯುತ್ತೇವೆ. ಹೊಟ್ಟೆಯಲ್ಲಿ ಹೋಳಿಗೆಗೆ ಬೇರೆ ಜಾಗ ಇಲ್ಲ. ಮಿದುಳು ದಣಿಯುವುದು ತಿಂದ ರುಚಿಗೆ, ಎಲ್ಲ ರುಚಿಗೂ ಅಲ್ಲ. ಬಾರ್ಬರಾ ರೋಲ್ಸ್ ಮತ್ತು ಎಡ್ಮಂಡ್ ರೋಲ್ಸ್ 1980ರ ದಶಕದ ಶುರುವಿನಲ್ಲೇ ಇದನ್ನು ಅಳೆದು ತೋರಿಸಿದ್ದರು. ಇದೇ ಗುಣ ಈಗ ಅಂಗಡಿಯ ಪ್ಯಾಕೆಟ್ಟುಗಳಿಗೆ ಸಲೀಸಾಗಿ ಸಿಕ್ಕಿಬೀಳುತ್ತದೆ. 2019ರಲ್ಲಿ ಅಮೆರಿಕದ ಕೆವಿನ್ ಹಾಲ್ 20 ಜನರನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡು ಎರಡು ವಾರ ಕಾರ್ಖಾನೆಯ ಆಹಾರ, ಎರಡು ವಾರ ಮಾಮೂಲಿ ಅಡುಗೆ ಕೊಟ್ಟರು. ಮುಂದಿಟ್ಟ ಸಕ್ಕರೆ, ಕೊಬ್ಬು, ಉಪ್ಪು, ನಾರು ಎರಡರಲ್ಲೂ ಸರಿಸಮ. ಬೇಕಾದಷ್ಟು ತಿನ್ನಬಹುದಿತ್ತು. ಕಾರ್ಖಾನೆಯ ಆಹಾರದ ವಾರಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರು. ಅದೇ ಜನ, ಅದೇ ಮನಸ್ಸು.

ಮಾತು ಮುಗಿದ ಮೇಲೆ ಒಬ್ಬ ಯುವಕರು ತೂಕ ಇಳಿಸುವ ಹೊಸ ಚುಚ್ಚುಮದ್ದುಗಳ ಬಗ್ಗೆ ಕೇಳಿದರು. ಸೆಮಾಗ್ಲುಟೈಡ್‌ನಂಥವು ಕರುಳಿನ ಒಂದು ಹಾರ್ಮೋನನ್ನು ಹೋಲುವ ಮದ್ದುಗಳು. 2021ರ ದೊಡ್ಡ ಪರೀಕ್ಷೆಯಲ್ಲಿ 68 ವಾರಗಳಲ್ಲಿ ಸರಾಸರಿ ಸುಮಾರು ಶೇ. 15ರಷ್ಟು ತೂಕ ಇಳಿಯಿತು. ತೆಗೆದುಕೊಂಡ ಎಷ್ಟೋ ಜನ ಹೇಳುವುದು ತೂಕದ ಮಾತಲ್ಲ. "ತಲೆಯೊಳಗಿನ ತಿಂಡಿಯ ಗದ್ದಲ ನಿಂತಿತು" ಅನ್ನುತ್ತಾರೆ. ಬಿಟ್ಟವರಲ್ಲಿ ಒಂದು ವರ್ಷದೊಳಗೆ ಇಳಿದ ತೂಕದ ಮೂರರಲ್ಲಿ ಎರಡು ಪಾಲು ವಾಪಸ್ ಬಂತು. ಬೆಲೆ ಇದೆ, ಅಡ್ಡಪರಿಣಾಮ ಇದೆ, ಡಾಕ್ಟರು ನೋಡಿಯೇ ಕೊಡಬೇಕು. ಅತ್ತೆ ಇರುವಾಗ ಇದು ಇರಲಿಲ್ಲ. ಕೊನೇಪಕ್ಷ ಅವರನ್ನು ಬೈಯದೆ ಇರಬಹುದಿತ್ತು ನಾವು.

ಎರಡನೇ ಪ್ರಶ್ನೆ ಹಿಂದಿನ ಸಾಲಿನ ಒಬ್ಬ ಅಮ್ಮ ಕೇಳಿದ್ದು. "ನಮ್ಮ ಮಾವನೋರೂ ತಟ್ಟೆ ಮುಂದೆ ಹಂಗೇ ಕೂತಿರ್ತಾರೆ. ಮಾತ್ರೆ ಕೊಡ್ತಾ ಇದೀವಿ. ಮನೇಲಿ ನಾವೇನು ಮಾಡಬೋದು?" ಮಾತ್ರೆಯ ಹೊತ್ತು ಮತ್ತು ಊಟದ ಹೊತ್ತು ಹೊಂದುತ್ತಿವೆಯಾ ಅಂತ ಡಾಕ್ಟರನ್ನು ಕೇಳಿ ಅಂದೆ, ಅದರಿಂದ ವ್ಯತ್ಯಾಸ ಆಗುತ್ತದೆ. ಆಮೇಲೆ ನಮ್ಮ ಅಜ್ಜಿ ಮಾಡುತ್ತಿದ್ದದ್ದನ್ನು ಹೇಳಿದೆ. ಕಾಯಿಲೆಯ ಹೆಸರು ಗೊತ್ತಾದ ಮೇಲೆ ಅಜ್ಜಿ "ಉಣ್ಣಿ" ಅನ್ನುವುದನ್ನು ಬಿಟ್ಟರು. ತಮ್ಮ ತಟ್ಟೆಯನ್ನೂ ತಂದು ಎದುರಿಗೆ ಕೂರುತ್ತಿದ್ದರು. ಒಂದು ತುತ್ತು ಮುದ್ದೆ ಮುರಿದು ಅಜ್ಜನ ಬಾಯಿಗಲ್ಲ, ಅಂಗೈಗೆ ಇಡುತ್ತಿದ್ದರು. ತಾವೂ ಒಂದು ಮುರಿದುಕೊಂಡು ಕಾಯುತ್ತಿದ್ದರು. ಸ್ವಲ್ಪ ಹೊತ್ತು ಏನೂ ಆಗುತ್ತಿರಲಿಲ್ಲ. ಆಮೇಲೆ ಅಜ್ಜನ ಬೆರಳುಗಳು ಮುದ್ದೆಯ ಸುತ್ತ ಮೆಲ್ಲಗೆ ಮಡಚಿಕೊಳ್ಳುತ್ತಿದ್ದವು, ಕೈ ಸಾರಿನ ಕಡೆ ಹೋಗುತ್ತಿತ್ತು.